ಬೋಣಿಯ ಕೈ

17 ಆಗಸ್ಟ್ 2005, ಬುಧವಾರ — ಬೆಳಿಗ್ಗೆ

ಬೋಣಿ ಆಯಿತು. ಸಂಡೂರು ಗುಡ್ಡದಿಂದ ಇಳಿದ ಮೊದಲ ಲಾರಿ, ಭರಮಣ್ಣನದು. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದ. ಎಂಟರ್ ಒತ್ತಿದೆ, ಪ್ರಿಂಟರ್ ಕಿರ್ರೆಂದಿತು, ಚೀಟಿ ಹರಿದು ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಜೇಬಿಗಿಟ್ಟುಕೊಂಡ. ಅದರಲ್ಲಿ ತೂಕ ಎಷ್ಟಿದೆ ಎಂದು ಅವನು ನೋಡುವುದಿಲ್ಲ, ನಾನು ಹೇಳುವುದಿಲ್ಲ. ಲಾರಿ ತಡೆಯುವುದಕ್ಕಿಂತ ಹೆಚ್ಚು ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಕಂಪ್ಯೂಟರ್ ಇಂದೂ ಎರಡು ಪೆಟ್ಟು ತಿಂದೇ ಎದ್ದಿತು. ವಿಂಡೋಸ್ ತೊಂಬತ್ತೆಂಟು. ಕಂಪ್ಲಿ ರೈಸ್ ಮಿಲ್ಲಿನಲ್ಲಿ ತೌಡು ತಿಂದು ಬೆಳೆದದ್ದು, ಇಲ್ಲಿ ಅದಿರಿನ ಧೂಳು ತಿಂದು ಸಾಯುತ್ತಿದೆ. ಡಬ್ಬಿ ಬಿಚ್ಚಿದರೆ ಒಳಗೆಲ್ಲ ಕುಂಕುಮ ಚೆಲ್ಲಿದ ಹಾಗೆ. ದೊಡ್ಡಬಸಪ್ಪ ಸಾವ್ಕಾರರು ಮಿಲ್ಲು ಬಿಟ್ಟು ಅದಿರಿಗೆ ಇಳಿದು, ಹೊಸಪೇಟೆ ಹೊರಗೆ ಈ ಯಾರ್ಡ್ ಹಾಕಿದಾಗ ಕಂಪ್ಲಿಯಿಂದ ತಂದದ್ದು ಎರಡೇ — ಈ ಕಂಪ್ಯೂಟರ್, ಮತ್ತು ನಾನು. ನನಗೂ ಆಗಾಗ ಪೆಟ್ಟು ಬೇಕು ಅನಿಸುತ್ತದೆ.

ಹೆಂಡತಿ ಶಾಂಭವಿ ಮತ್ತು ಮಗಳು ನೀಲು ಕಮಲಾಪುರಕ್ಕೆ, ಮಾವನ ಮನೆಗೆ ಹೋಗಿ ಇದು ನಾಲ್ಕನೇ ತಿಂಗಳು. ಯುಗಾದಿ ಹೊತ್ತಿಗೆ ಮಗುವಿಗೆ ಉಬ್ಬಸ ಜೋರಾಗಿ ಉಗುರು ನೀಲಿಯಾಗಿತ್ತು. ಡಾಕ್ಟರ್ ನನ್ನ ಅಂಗಿ ನೋಡಿದರು, ಮಗುವಿನ ಮೂಗು ನೋಡಿದರು. "ಈ ಧೂಳಿನಾಗ ಇಟ್ರ ಕೂಸು ಉಳಿಯಂಗಿಲ್ಲ" ಅಂದರು. ಬೇರೆ ಮಾತೇ ಇಲ್ಲ. ಅಲ್ಲಿ ಬಾಳೆತೋಟ, ಕಾಲುವೆ. ಒಂದು ತಿಂಗಳಲ್ಲಿ ಮಗು ಓಡಾಡಿತು. ನಾನು ಇಲ್ಲಿ, ಯಾರ್ಡಿನ ಕೋಣೆಯಲ್ಲಿ. ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ ಕಮಲಾಪುರ. ಆದರೂ ಹೋಗಲು ಆಗುವುದಿಲ್ಲ.

ಮಾವ ಹೇಳಿಕಳಿಸಿದ್ದಾರೆ — ಅಲ್ಲಿನ ಹೈಸ್ಕೂಲಿಗೆ ಕಂಪ್ಯೂಟರ್ ಮೇಷ್ಟ್ರು ಬೇಕಂತೆ. ದಸರಾ ರಜೆ ಮುಗಿದ ಮೇಲೆ. ನನಗೆ ಇದು ಬೇಕು. ಯಾವುದನ್ನೂ ಇಷ್ಟು ಬಯಸಿದ ನೆನಪಿಲ್ಲ.

18 ಆಗಸ್ಟ್

ಹೊಸ ಕಂಪ್ಯೂಟರ್ ಬಂತು. ವಿಂಡೋಸ್ ಎಕ್ಸ್‌ಪಿ. ಬಂದರಿನವರಿಗೆ ದಿನದ ಲೆಕ್ಕ ಈಮೇಲ್ ಆಗಬೇಕಂತೆ, ಹಳೆಯದರಲ್ಲಿ ಆಗುವುದಿಲ್ಲ. ಆನ್ ಮಾಡಿದರೆ ಪರದೆ ತುಂಬ ಹಸಿರು ಗುಡ್ಡ. ಡ್ರೈವರುಗಳೆಲ್ಲ ಕಿಟಕಿಯಲ್ಲಿ ಇಣುಕಿದರು. ಭರಮಣ್ಣ — "ಇದ್ಯಾವ ಗುಡ್ಡರಿ? ಇನ್ನೂ ಯಾರೂ ಲೀಸ್ ತಗೊಂಡಿಲ್ಲೇನು?"

ತೂಕದ ಪ್ರೋಗ್ರಾಂ ಫ್ಲಾಪಿಯಿಂದ ಹಾಕಿದೆ. ಕಪ್ಪು ಕಿಟಕಿ ತೆರೆಯಿತು, ಮುಚ್ಚಿತು. ಮತ್ತೆ. ತೆರೆಯಿತು, ಮುಚ್ಚಿತು. ಮೂರನೇ ಸಲ ಕಣ್ಣು ಕೀಲಿಸಿ ಓದಿದೆ — ರನ್‌ಟೈಮ್ ಎರರ್ ಇನ್ನೂರು.

ಏನು ಇನ್ನೂರೋ.

20 ಆಗಸ್ಟ್, ಶನಿವಾರ

ಕೆಲಸ ಬಿಡುತ್ತೇನೆಂದು ಸಾವ್ಕಾರರಿಗೆ ಹೇಳಿಬಿಟ್ಟೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟರು.

"ಹೋಗ್ಬ್ಯಾಡ ಅನ್ನಂಗಿಲ್ಲ ತಮ್ಮಾ. ಕೂಸಿನ ಮುಂದ ಯಾವ್ದೂ ದೊಡ್ಡದಲ್ಲ. ಹೊಸ ಕಂಪ್ಯೂಟರ್‌ನಾಗ ನಮ್ಮ ಪ್ರೋಗ್ರಾಂ ಓಡಿಸು. ಒಬ್ರಿಗೆ ಕಲಿಸು. ಆಮ್ಯಾಲ ನಾನ ಜೀಪಿನಾಗ ಬಿಟ್ಟು ಬರ್ತೀನಿ."

"ಬ್ಯಾರೆ ಪ್ರೋಗ್ರಾಂ ಸಿಗ್ತಾವ್ರಿ ಸಾವ್ಕಾರ್ರ, ಹೊಸಾವು."

"ಬ್ಯಾರೆದು ಬ್ಯಾಡ. ಕಂಪ್ಲಿ ಲಕ್ಷ್ಮಿ ಅದ್ರಾಗ ಅದಾಳ."

ನನ್ನ ಒರಿಜಿನಲ್ ಸರ್ಟಿಫಿಕೇಟುಗಳೂ ಅವರ ಬಳಿಯೇ ಇವೆ. ಕೆಲಸಕ್ಕೆ ಸೇರಿದಾಗ ತೆಗೆದುಕೊಂಡು ತಿಜೋರಿಯಲ್ಲಿಟ್ಟರು. ಎಲ್ಲರದ್ದೂ ಹಾಗೇ. ಧೂಳು ಕೂರದೆ ಭದ್ರವಾಗಿರುತ್ತವೆ ಎನ್ನುತ್ತಾರೆ. ನಿಜ, ಈ ಯಾರ್ಡಿನಲ್ಲಿ ಧೂಳಿಲ್ಲದ ಜಾಗ ಅದೊಂದೇ.

22 ಆಗಸ್ಟ್

ಹೊಸ ಕಂಪ್ಯೂಟರ್ ಮಾರಿದ ಅಂಗಡಿಗೆ ಹೋಗಿದ್ದೆ. ಎರರ್ ಇನ್ನೂರು ಅಂದರೆ ಅಂಗಡಿಯವನು ಹುಬ್ಬೇರಿಸಿದ. "ಡಾಸ್ ಪ್ರೋಗ್ರಾಮಾ? ಅದನ್ನ ಮ್ಯೂಸಿಯಂನಾಗ ಇಡ್ರಿ." ಹಂಪಿಯ ಹತ್ತಿರ ಹುಟ್ಟಿದವನು. ಹಳೆಯದೆಲ್ಲ ಇವರಿಗೆ ನೋಡಿ ಬರುವ ವಸ್ತು.

ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಪಿಯಲ್ಲಿ ಒಂದು ಆಟ ಇದೆ. "ಹಳೆಯ ವಿಂಡೋಸ್‌ನಂತೆ ನಟಿಸು" ಎಂದು ಟಿಕ್ ಹಾಕಬಹುದು. ತೊಂಬತ್ತೈದು, ತೊಂಬತ್ತೆಂಟು, ಎಲ್ಲ ಹಾಕಿ ನೋಡಿದೆ. ನಟಿಸುತ್ತದೆ. ಆದರೆ ಅದೇ ಎರರ್.

26 ಆಗಸ್ಟ್, ಶುಕ್ರವಾರ

ಕಲಿಸಲು ಒಬ್ಬಳು ಬಂದಳು. ಪೂಜಿತಾ, ಮರಿಯಮ್ಮನಹಳ್ಳಿಯವಳು, ಕಂಪ್ಯೂಟರ್ ಡಿಪ್ಲೊಮಾ. ಅಣ್ಣ ಮನೆಯಲ್ಲಿ ಕುಂದ್ರು ಅನ್ನುತ್ತಾನಂತೆ, ಇವಳು ದಿನಾ ಬಸ್ಸು ಹತ್ತಿ ಬರುತ್ತಾಳಂತೆ. ಮೂಗಿಗೆ ದುಪಟ್ಟಾ ಕಟ್ಟಿದರೂ ಬಾಯಿ ಸುಮ್ಮನಿಲ್ಲ.

ಹಳೆ ಮೆಷಿನ್‌ನಲ್ಲಿ ನಾಲ್ಕು ಲಾರಿ ತೂಗಿದಳು. ಒಂದೂ ತಪ್ಪಿಲ್ಲ. ಐದನೆಯ ಚೀಟಿಯನ್ನು ಹರಿಯದೆ ಹಿಡಿದುಕೊಂಡು ಕೂತಳು.

"ಅಣ್ಣಾರ, ತೂಕ ಮಾಡಿದಾಕಿ ನಾನು. ಕೆಳಗ ಹೆಸ್ರು ನಿಮ್ದು, ಹಂಪೇಶ ಅಂತ ಬಂದೈತಿ."

"ಪ್ರೋಗ್ರಾಂ ಹಂಗ ಐತಿ. ಯಾರು ಒತ್ತಿದ್ರೂ ನಂದ ಬರ್ತೈತಿ."

"ತಪ್ಪು ಮಾಡಿದ್ರ?"

"ಅದೂ ನಂದ."

"ಮತ್ತ ಸರಿ ಮಾಡಿದ್ರ?"

ಹೊರಗೆ ಲಾರಿಯವನು ಹಾರ್ನ್ ಒತ್ತಿ ನನ್ನ ಮಾನ ಉಳಿಸಿದ.

28 ಆಗಸ್ಟ್, ಭಾನುವಾರ — ಕಮಲಾಪುರ

ಬಸ್ಸಿಳಿದು ಕಾಲುವೆಯಲ್ಲಿ ಮುಖ ತೊಳೆದ ಮೇಲೇ ಮನೆಗೆ ಹೋದೆ. ಆದರೂ ಶಾಂಭವಿ ಅಂಗಳದಲ್ಲೇ ನಿಲ್ಲಿಸಿದಳು. "ಅಂಗಿ ತಗೀರಿ ಮೊದ್ಲ. ಜಳಕ ಮಾಡ್ರಿ. ಆಮ್ಯಾಲ ಕೂಸಿನ ಮುಟ್ರಿ." ಹೆಂಡತಿ ಹೇಳಿದ್ದು ಸರಿ. ಆದರೂ ಮಗಳು ಬಾಗಿಲಲ್ಲೇ ನಿಂತು, ನನ್ನನ್ನು ಮುಟ್ಟದೆ ನೋಡುತ್ತಿದ್ದಳು.

ಸ್ನಾನವಾದ ಮೇಲೆ ತೊಡೆ ಮೇಲಿಂದ ಇಳಿಯಲೇ ಇಲ್ಲ. ಉಸಿರು ಸಲೀಸಾಗಿದೆ. ಕಿವಿಗೊಟ್ಟು ಕೇಳಿದೆ, ಬೆನ್ನಿಗೆ, ಎದೆಗೆ. ಆ ಸೀಟಿಯ ಸದ್ದು ಇಲ್ಲ. ಎಂಥ ಸುಖ.

ಹೊರಡುವಾಗ ಶಾಂಭವಿ — "ದಸರಾ ಆದ್ಮ್ಯಾಲ ಇಲ್ಲೇ ಇರ್ತೀರಲ್ಲ?" ಹೂಂ ಅಂದೆ. ಬಾಯಿಂದ ಬಂದುಬಿಟ್ಟಿತು.

2 ಸೆಪ್ಟೆಂಬರ್, ಶುಕ್ರವಾರ

ಪ್ರೋಗ್ರಾಂ ಬರೆದ ಮಧ್ವೇಶ ಆಚಾರ್ಯರು ಸಿಕ್ಕರು. ಹೊಸಪೇಟೆಯಲ್ಲೇ, ಮಠದ ಹಿಂದಿನ ಓಣಿ. ಒಂದು ಕಾಲಕ್ಕೆ ಈ ಸುತ್ತಿನ ರೈಸ್ ಮಿಲ್ಲುಗಳಿಗೆಲ್ಲ ಇವರದ್ದೇ ಪ್ರೋಗ್ರಾಂ. ಈಗ ಪೌರೋಹಿತ್ಯ. "ಪ್ರೋಗ್ರಾಂ ಬರದ್ರ ವರ್ಷಗಟ್ಲೆ ಅಡ್ಡಾಡಿಸ್ತಾರ. ಸತ್ಯನಾರಾಯಣ ಪೂಜಾ ಮಾಡಿದ್ರ ದಕ್ಷಿಣಾ ಎದ್ರಿಗೇ ಇಡ್ತಾರ" ಎಂದು ನಕ್ಕರು.

ಎರರ್ ಕೇಳಿದ ಕೂಡಲೇ ಗೊತ್ತಾಯಿತು ಅವರಿಗೆ. "ಅದು ಏಳೋವಾಗ ಮೊದ್ಲು ಮಷಿನ್ ಎಷ್ಟು ಜೋರು ಓಡ್ತದ ಅಂತ ಎಣಿಸಿ ನೋಡ್ತದಪ್ಪ. ಈಗಿನ ಮಷಿನ್ ಭಾಳ ಜೋರು. ಆ ಲೆಕ್ಕ ಅದರ ಬೊಗಸ್ಯಾಗ ಹಿಡಿಯೂದಿಲ್ಲ. ಬಿದ್ದುಬಿಡ್ತದ."

ಅಂದರೆ ಹಳೆಯದು ಕೆಟ್ಟಿಲ್ಲ. ಹೊಸದೂ ಕೆಟ್ಟಿಲ್ಲ. ಬರೀ ವೇಗ.

ಸರಿಪಡಿಸಲು ಬರುತ್ತದಂತೆ. ಆದರೆ ಅವರು ಮಡಿಯಲ್ಲಿದ್ದರು, ಕಂಪ್ಯೂಟರ್ ಮುಟ್ಟುವಂತಿಲ್ಲ. ಬಾಗಿಲ ಆಚೆ ನಿಂತು ಹೇಳಿದರು, ಒಳಗೆ ಅವರ ಕಂಪ್ಯೂಟರಿಗೆ ನನ್ನ ಫ್ಲಾಪಿ ಹಾಕಿ ನಾನು ಒತ್ತಿದೆ. ಉಪನಯನದ ವಟುವಿಗೆ ಹೇಳಿಕೊಟ್ಟಂತೆ ಒಂದೊಂದೇ ಅಕ್ಷರ. ನಡುವೆ ಒಂದು ತಪ್ಪು ಒತ್ತಿದ್ದಕ್ಕೆ ಅಲ್ಲಿಂದಲೇ "ಹ್ಞಾಂ ಹ್ಞಾಂ, ತಿರುಗಿ ಹೇಳು" ಅಂದರು.

ಹೆಸರು ಬದಲಿಸುವುದನ್ನೂ ಕೇಳಿದೆ. ಆಗುವುದಿಲ್ಲ. "ನಿಮ್ಮ ಸಾವ್ಕಾರ ಅಂದಿದ್ದ — ಹಂಪೇಶನ ಹೆಸರು ಯಾರೂ ತಗೀಬಾರ್ದು, ಹಂಗ ಬರೀರಿ ಅಂತ. ಬೀಗ ಹಾಕಿಬಿಟ್ಟೀನಿ. ತೆಗೀಬೇಕಂದ್ರ ಮೂಲ ಪ್ರತಿ ಬೇಕು. ಅದು ಈ ಫ್ಲಾಪ್ಯಾಗ ಇತ್ತು, ನೋಡು." ಫ್ಲಾಪಿಯ ಮೇಲೆ ಬೂಷ್ಟು ಬಂದಿತ್ತು.

3 ಸೆಪ್ಟೆಂಬರ್ — ಅಮಾವಾಸ್ಯೆ

ಓಡಿತು! ಎಕ್ಸ್‌ಪಿ ಮೇಲೆ ಕಪ್ಪು ಕಿಟಕಿ ತೆರೆದು, ಮುಚ್ಚದೆ ನಿಂತಿತು. ನಾನು ಕುಣಿಯುವುದೊಂದು ಬಾಕಿ.

ಅಮಾವಾಸ್ಯೆ ಪೂಜೆಗೆ ಸಾವ್ಕಾರರು ಬಂದಿದ್ದರು. ವೇಬ್ರಿಡ್ಜಿಗೆ, ಲಾರಿಗಳಿಗೆ, ಹಳೆ ಕಂಪ್ಯೂಟರಿಗೆ, ಈಗ ಹೊಸದಕ್ಕೂ. ತೆಂಗಿನಕಾಯಿಯನ್ನು ಸಿಪಿಯು ಪಕ್ಕದಲ್ಲೇ ಒಡೆದರು. ನಾನು ಟವೆಲ್ಲು ಹಿಡಿದು ಗೋಲ್‌ಕೀಪರ್ ಆದೆ. ಫ್ಲಾಪಿ ಹಾಕುವ ಬಾಯಿಗೆ ವಿಭೂತಿ ಬಳಿದರು, ಸಂಜೆವರೆಗೂ ಬಡ್ಸ್ ಹಾಕಿ ಕೆರೆದೆ.

14 ಸೆಪ್ಟೆಂಬರ್

ಹಾಳು ಹನ್ನೊಂದು ದಿನ.

ಮೊದಲು ತೂಕವೇ ಬರಲಿಲ್ಲ. ಲಾರಿ ವೇಬ್ರಿಡ್ಜ್ ಹತ್ತಿ ನಿಂತಿದೆ, ಗೋಡೆಯ ಡಬ್ಬಿಯಲ್ಲಿ ಕೆಂಪು ಅಂಕಿ ಉರಿಯುತ್ತಿದೆ, ಪರದೆಯಲ್ಲಿ ಸೊನ್ನೆ. ಅದಿರು ತುಂಬಿದ ಲಾರಿಗೆ ಸೊನ್ನೆ ತೂಕ. ಡ್ರೈವರುಗಳಿಗೆ ಬಹಳ ಇಷ್ಟವಾಯಿತು. ಕೇಬಲ್ ಬದಲಿಸಿದೆ, ಪಿನ್ನು ಒರೆಸಿದೆ. ಕೊನೆಗೆ ಎಕ್ಸ್‌ಪಿ ಒಳಗೆ, ಎಲ್ಲೋ ಮೂಲೆಯಲ್ಲಿ, ಒಂದು ಟಿಕ್ ತೆಗೆದರೆ ತೂಕ ಬಂತು. ಒಂದು ಟಿಕ್!

ಆಮೇಲೆ ಪ್ರಿಂಟರ್. ಚೀಟಿ ತಕ್ಷಣ ಬರುವುದಿಲ್ಲ. ಎಕ್ಸ್‌ಪಿ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಪ್ರೋಗ್ರಾಂ ಮುಚ್ಚಿದ ಮೇಲೆ ಎಲ್ಲ ಒಟ್ಟಿಗೆ ಕಕ್ಕುತ್ತದೆ. ಲಾರಿ ಸಾಲು ಸಂಡೂರು ರಸ್ತೆಯ ತಿರುವಿನವರೆಗೂ ಹೋಗಿ ಜಗಳವಾಯಿತು. ಅದಕ್ಕೂ ಮದ್ದು ಹುಡುಕಿದ್ದು ಪೂಜಿತಾ, ಯಾವುದೋ ಸೆಟ್ಟಿಂಗ್‌ನಲ್ಲಿ. ನಾನು ಪ್ರಿಂಟರಿಗೆ ಬೈಯುತ್ತಿದ್ದೆ, ಅವಳು ಓದುತ್ತಿದ್ದಳು.

ಹಳೆ ಮೆಷಿನ್ ಮೊನ್ನೆ ಕೊನೆಯುಸಿರೆಳೆಯಿತು. ಪೆಟ್ಟಿಗೂ ಏಳಲಿಲ್ಲ. ಇನ್ನು ಹಿಂದಕ್ಕೆ ದಾರಿಯಿಲ್ಲ.

27 ಸೆಪ್ಟೆಂಬರ್

ಬರೆಯಲು ಪುರುಸೊತ್ತಾಗಲಿಲ್ಲ. ಒಳ್ಳೆಯ ಕಾರಣಕ್ಕೆ. ಎಲ್ಲ ಓಡುತ್ತಿದೆ. ಬೋಣಿಯೊಂದು ನಾನು, ಮಿಕ್ಕದ್ದು ಪೂಜಿತಾ. ಹೊರಗೆ ಕೂತು ಚಹಾ ಕುಡಿಯುತ್ತಿದ್ದೇನೆ. ಏನೂ ಮಾಡದೆ ಕೂರುವುದು ಎಷ್ಟು ಚೆಂದ.

ಮಾವನ ಫೋನು. ಸ್ಕೂಲಿನವರು ಒಪ್ಪಿದ್ದಾರೆ. ಒಮ್ಮೆ ಬಂದು ಕಮಿಟಿ ಅಧ್ಯಕ್ಷರಿಗೆ ಮುಖ ತೋರಿಸಬೇಕು. ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಒರಿಜಿನಲ್ ಸರ್ಟಿಫಿಕೇಟ್ ಸಮೇತ ಹಾಜರಾಗಬೇಕು. ಆ ದಿನ ಬಾರದಿದ್ದರೆ ಬೇರೆಯವರಿದ್ದಾರಂತೆ.

3 ಅಕ್ಟೋಬರ್ — ಅಮಾವಾಸ್ಯೆ, ಸಂಜೆ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಪೂಜೆ ಮುಗಿದ ಮೇಲೆ ಸಾವ್ಕಾರರ ಮುಂದೆ ನಿಂತೆ. ಪ್ರೋಗ್ರಾಂ ಓಡಿಸಿದ್ದೇನೆ, ಕಲಿಸಿದ್ದೇನೆ, ಸರ್ಟಿಫಿಕೇಟ್ ಕೊಡಿ ಎಂದೆ. ಬಾಯಿಗೆ ಬಾಳೆಹಣ್ಣು ಹಾಕಿಕೊಂಡಿದ್ದರು. ನುಂಗುವವರೆಗೂ ಕಾದೆ.

"ಎಲ್ಲಾ ಮಸ್ತ್ ಮಾಡಿದಿ ತಮ್ಮಾ. ಕಂಪ್ಯೂಟರ್ ಬದ್ಲಿ ಆತು, ಆಗ್ಲಿ. ಒತ್ತೋ ಕೈ ಬದ್ಲಿ ಆಗಬಾರ್ದು."

"ಪೂಜಿತಾ ನನಗಿಂತ ಚೊಲೋ ಮಾಡ್ತಾಳ್ರಿ."

"ಮಾಡ್ಲಿ, ದಿನಾಪೂರ್ತಿ ಮಾಡ್ಲಿ. ಬೋಣಿ ಮಾತ್ರ ನಿಂದು. ಕಂಪ್ಲ್ಯಾಗ ನೀ ಮೊದ್ಲ ಚೀಲ ತೂಗಿದಾಗ ನಮ್ಮನ್ಯಾಗ ಏನಿತ್ತು? ಒಂದು ಮಿಲ್ಲು, ಅದೂ ಪಾಲಿನ್ದು. ಈಗ ರೋಡಿಗೆ ನಿಂತು ನೋಡು, ಯಾರ ಲಾರಿ ಅದಾವು. ನಿನ್ನ ಕೈಗುಣ ಅದು."

ಚೀನಾದವರು ಅದಿರು ಕೊಳ್ಳುತ್ತಿದ್ದಾರೆ. ಅದು ಕಾರಣ. ನನ್ನ ಬೆರಳಿಗೂ ಚೀನಾಕ್ಕೂ ಏನು ಸಂಬಂಧ? ಬೆಳಿಗ್ಗೆ ಬೋಣಿ ಮಾಡಿ ಬಸ್ಸು ಹತ್ತುತ್ತೇನೆ, ಸ್ಕೂಲು ಆಮೇಲೆ ಅಲ್ಲವೇ ಎಂದೆ. ಮಗುವಿಗೆ ತಿಳಿಹೇಳುವಂತೆ ನಕ್ಕರು.

"ಮಧ್ಯಾಹ್ನ ಶಿಫ್ಟಿಗೆ ಬೋಣಿ? ದೀಪ ಹಚ್ಚೋ ಹೊತ್ತಿನ ಬೋಣಿ? ಸಂಜಿ ಲಕ್ಷ್ಮಿನ ಹಂಗ ಕಳಿಸೂದೇನು?"

ಕಂಪ್ಯೂಟರಿಗಾದರೆ ಪ್ಯಾಚ್ ಹಾಕಬಹುದು. ಈ ಮನುಷ್ಯನಿಗೆ ಎಲ್ಲಿ ರೈಟ್ ಕ್ಲಿಕ್ ಮಾಡಲಿ?

11 ಅಕ್ಟೋಬರ್ — ಆಯುಧಪೂಜೆ

ಸಾವ್ಕಾರರು ನನ್ನ ಬಲಗೈಗೆ ಕುಂಕುಮ ಹಚ್ಚಿ ಅಕ್ಷತೆ ಹಾಕಿದರು. ಜಾಕು, ಸ್ಪ್ಯಾನರು, ಕೀಬೋರ್ಡು, ಅದರ ಪಕ್ಕ ನನ್ನ ಕೈ. ಎಲ್ಲರೂ ಕೈಮುಗಿದರು. ಪೂಜಿತಾ ಮಾತ್ರ ನಗು ತಡೆಯಲು ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

ನನಗೆ ನಗು ಬರಲಿಲ್ಲ. ಭಯವಾಯಿತು. ಪೂಜೆ ಮಾಡಿದ್ದನ್ನು ಯಾರೂ ಹೊರಗೆ ಬಿಡುವುದಿಲ್ಲ.

13 ಅಕ್ಟೋಬರ್, ಗುರುವಾರ — ಬೆಳಿಗ್ಗೆ, ಕಮಲಾಪುರ ಬಸ್ಸಿನಲ್ಲಿ

ಸಾವ್ಕಾರರು ಕಂಪ್ಲಿಯಲ್ಲಿದ್ದಾರೆ. ಅಧ್ಯಕ್ಷರು ಊರಿಗೆ ಹೊರಡುವ ಮುಂಚೆ ಸಿಗಬೇಕು. ಮೊದಲ ಬಸ್ಸು ಹಿಡಿದೆ. ಪೂಜಿತಾ ನಿನ್ನೆ ಗೆಳತಿಯ ಮನೆಯಲ್ಲಿ ಉಳಿದು, ಬೆಳಗಾಗುವುದರೊಳಗೆ ಬಂದಿದ್ದಾಳೆ. "ಬೋಣಿ ನಾ ಒತ್ತತೀನಿ, ಹೋಗ್ರಿ. ಹೆಂಗೂ ಚೀಟಿ ಮ್ಯಾಲ ನಿಮ್ಮ ಹೆಸ್ರ ಬರ್ತೈತಿ, ಯಾರಿಗೆ ತಿಳಿತೈತಿ?"

ಆ ಬೀಗ ಇವತ್ತಾದರೂ ನನ್ನ ಉಪಯೋಗಕ್ಕೆ ಬಂತು.

ಅದೇ ದಿನ — ಸಂಜೆ

ಅಧ್ಯಕ್ಷರು ಒಳ್ಳೆಯವರು. ಕೆಲಸ ನಿಮ್ಮದೇ ಅಂದರು. ನೀಲು ಹೊಸ ಲಂಗ ತೋರಿಸಿ ಮೂರು ಸುತ್ತು ಓಡಿದಳು, ಏದುಸಿರಿಲ್ಲ. ಹಾರಿಕೊಂಡೇ ವಾಪಸು ಬಂದೆ.

ಯಾರ್ಡಿನಲ್ಲಿ ಸುದ್ದಿ ಕಾದಿತ್ತು. ಭರಮಣ್ಣನ ಲಾರಿ ಮರಿಯಮ್ಮನಹಳ್ಳಿ ದಾಟಿ ತಿರುವಿನಲ್ಲಿ ಮಗುಚಿದೆ. ಕಾಲು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ. ಇವತ್ತಿನ ಮೊದಲ ಲಾರಿ. ಬೋಣಿ ಲಾರಿ.

ಪೂಜಿತಾ ಆಸ್ಪತ್ರೆಗೆ ಹೋಗಿದ್ದಾಳಂತೆ.

14 ಅಕ್ಟೋಬರ್, ಶುಕ್ರವಾರ

ಸಾವ್ಕಾರರು ಬಂದರು. ಕೈಯಲ್ಲಿ ಆ ಚೀಟಿ, ಭರಮಣ್ಣನ ಜೇಬಿನಿಂದ ತೆಗೆದದ್ದು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. "ನಿನ್ನ ಬೋಣಿ ಏನ ಇದು?"

ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಎಲ್ಲ ಕಂಡಿತು. ನಿಜ ಹೇಳಿದರೆ ಪೂಜಿತಾಳ ಕೈ ಕೆಟ್ಟದ್ದು ಎಂದು ಓಡಿಸುತ್ತಾರೆ, ನನ್ನ ಕೈಗೆ ಗುಡಿ ಕಟ್ಟುತ್ತಾರೆ. ಸುಳ್ಳು ಹೇಳಿದರೆ ಅವಳು ಉಳಿಯುತ್ತಾಳೆ, ನಾನು ಹೊರಗೆ.

"ನಂದ ರಿ" ಅಂದೆ.

ಅವರು ಚೀಟಿಯನ್ನು ನಾಲ್ಕಾಗಿ ಮಡಚಿದರು. ಕಣ್ಣಲ್ಲಿ ನೀರು. ನಿಜವಾಗಿ ಅತ್ತರು. "ಕೈಗುಣ ತೀರಿತು ಅನ್ಸತೈತಿ ತಮ್ಮಾ. ನಿಂದೇನು ತಪ್ಪಿಲ್ಲ. ಹೋಗು, ಕೂಸಿನ ನೋಡ್ಕೋ." ಸರ್ಟಿಫಿಕೇಟ್? "ಇವತ್ತು ಶುಕ್ರವಾರ. ತಿಜೋರಿಯಿಂದ ಏನೂ ಹೊರಗ ಕೊಡಬಾರ್ದು. ನಾಳಿ ಬಂದು ತಗೊಂಡು ಹೋಗು."

ನಾಳೆ! ಕಾಲು ಮುರಿದುಕೊಂಡು ಮಲಗಿದವನ ನೆನಪಾದರೆ ನಾಚಿಕೆ. ಆದರೂ ಸಂತೋಷ. ಹುಚ್ಚು ಸಂತೋಷ. ಟ್ರಂಕಿಗೆ ಬಟ್ಟೆ ತುಂಬಿದೆ. ಶಾಂಭವಿಗೆ ಫೋನು ಮಾಡಿ ಹೇಳಿಬಿಟ್ಟೆ.

15 ಅಕ್ಟೋಬರ್, ಶನಿವಾರ

ಮುಗಿಯಿತು.

ಸಾವ್ಕಾರರು ತಿಜೋರಿಗೆ ಕೈಮುಗಿದು ಬೀಗದಕೈ ಹಾಕಿದ್ದರು. ಪೂಜಿತಾ ನೇರ ಆಸ್ಪತ್ರೆಯಿಂದ ಬಂದಳು. ಅಲ್ಲಿ ಭರಮಣ್ಣನ ಹೆಂಡತಿ ಯಮನಮ್ಮ ನನ್ನ ಕೈಗೆ ಹುಳ ಬೀಳಲಿ ಎಂದು ಶಪಿಸುತ್ತಿದ್ದಳಂತೆ. ಇವಳಿಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ಡ್ರೈವರುಗಳೂ ಇದ್ದರು, ಎಲ್ಲರೆದುರು ಹೇಳಿದಳು.

"ಸಾವ್ಕಾರ್ರ, ಚೀಟಿ ಮ್ಯಾಲಿನ ಹೆಸ್ರು ಸುಳ್ಳು. ಮೊನ್ನಿ ಬೋಣಿ ಒತ್ತಿದಾಕಿ ನಾನು. ಅಣ್ಣಾರು ಊರಾಗ ಇರ್ಲಿಲ್ಲ. ಅವರ ಕೈಗೆ ಯಾಕ ಹೆಸರಿಡ್ತೀರಿ?"

ನಾನು ಕಣ್ಸನ್ನೆ ಮಾಡಿದೆ, ತಲೆಯಾಡಿಸಿದೆ. ಅವಳು ನೋಡಲೇ ಇಲ್ಲ.

"ಮತ್ತೊಂದು ಹೇಳ್ತೀನಿ. ಚೀಟಿ ಮ್ಯಾಲ ತೂಕಾನೂ ಐತಿ. ಅಷ್ಟು ಲೋಡಿಗೆ ಯಾವ ಬ್ರೇಕ್ ಹಿಡಿತೈತ್ರಿ? ತೂಕ ಯಾರೂ ಓದಂಗಿಲ್ಲ, ಹೆಸ್ರು ಓದ್ತೀರಿ."

ಯಾರಿಗೂ ಆ ಎರಡನೆಯ ಮಾತು ಕೇಳಿಸಲಿಲ್ಲ. ಸಾವ್ಕಾರರು ಬೀಗದಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಖದಲ್ಲಿ ಕಳೆ ಬಂದಿತ್ತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. "ನಾ ಅಂದ್ಕೊಂಡೆ. ಈ ಕೈ ಹಂಗ ಮಾಡಂಗಿಲ್ಲ ಅಂದ್ಕೊಂಡೆ. ಆ ಹುಡುಗಿನ ಉಳಿಸಾಕ ಸುಳ್ಳು ಹೇಳಿದಿ, ಹೌದಿಲ್ಲೋ? ಎಂಥ ಮನಸ್ಸಪಾ ನಿಂದು."

ಪೂಜಿತಾಗೆ — "ನೀ ನಾಳಿಂದ ಬರ್ಬ್ಯಾಡವಾ." ಅಷ್ಟೇ. ಬೈಯಲೂ ಇಲ್ಲ.

ಗೇಟಿನವರೆಗೆ ಅವಳ ಹಿಂದೆ ಹೋದೆ. ಯಾಕೆ ಸುಳ್ಳು ಹೇಳಿದೆ ಎಂದು ಆಗ ಹೇಳಿದೆ. ನಿಂತಳು. ಮುಖದ ಬಣ್ಣ ಇಳಿಯಿತು.

"ಮೊದ್ಲ ಹೇಳಬಾರ್ದಾಗಿತ್ತೇನ್ರಿ?" ದುಪಟ್ಟಾ ಬಿಗಿದುಕೊಂಡು, "ಹೇಳಿದ್ರೂ... ಗೊತ್ತಿಲ್ಲ ಅಣ್ಣಾರ. ನನ್ನ ತೂಕ ಅದು."

ಬಸ್ಸು ಬಂತು, ಹತ್ತಿದಳು. ಅಣ್ಣನ ಮನೆಗೆ. ಇಬ್ಬರೂ ಒಳ್ಳೆಯದೇ ಮಾಡಲು ಹೊರಟೆವು. ಇಬ್ಬರೂ ಹಾಳಾದೆವು.

20 ಅಕ್ಟೋಬರ್

ಬೋಣಿ. ಮಧ್ಯಾಹ್ನದ ಬೋಣಿ. ದೀಪದ ಬೋಣಿ. ನಡುವಿನ ಲಾರಿಗಳೂ ಈಗ ನನ್ನವೇ.

ವೇಬ್ರಿಡ್ಜ್ ಪಕ್ಕದ ಸ್ಟೋರ್ ರೂಮಿಗೆ ಸುಣ್ಣ ಹೊಡೆಯುತ್ತಿದ್ದಾರೆ. ಕೂಲರ್ ಇಳಿಸಿದರು, ಮಂಚ ಇಳಿಸಿದರು. ಯಾರೋ ಮ್ಯಾನೇಜರ್ ಬರುತ್ತಾನಂತೆ. ಬರಲಿ. ಯಾರಾದರೂ ಬರಲಿ.

ಶಾಂಭವಿ ಫೋನಿಗೆ ಉತ್ತರಿಸಲಿಲ್ಲ. ತಪ್ಪು — ಅವಳು ಎರಡು ಸಲ ಮಾಡಿದಳು, ನಾನು ಎತ್ತಲಿಲ್ಲ. ಏನೆಂದು ಹೇಳಲಿ?

22 ಅಕ್ಟೋಬರ್, ಶನಿವಾರ

ತೀರ್ಮಾನ ಮಾಡಿದೆ. ಹೋಗುತ್ತೇನೆ. ಸರ್ಟಿಫಿಕೇಟ್ ಇಲ್ಲದಿದ್ದರೂ ಸರಿ. ಅಧ್ಯಕ್ಷರ ಕಾಲು ಹಿಡಿಯುತ್ತೇನೆ, ಡೂಪ್ಲಿಕೇಟ್ ತರಿಸುತ್ತೇನೆ ಎನ್ನುತ್ತೇನೆ, ಅಲ್ಲಿಯವರೆಗೆ ಗುಡಿಸು ಅಂದರೂ ಗುಡಿಸುತ್ತೇನೆ. ಸೋಮವಾರ ಬೆಳಿಗ್ಗೆ ಬೋಣಿ ಒತ್ತಿ, ಚಹಾಕ್ಕೆ ಅಂತ ಹೊರಗೆ ಬಂದು ಬಸ್ಸು ಹತ್ತುವುದು. ಯಾರಿಗೂ ಹೇಳುವುದಿಲ್ಲ, ಶಾಂಭವಿಗೂ. ಮೊನ್ನೆ ಹೇಳಿ ಕೆಟ್ಟೆ.

ಇದೇನು ಜೈಲಲ್ಲ. ಗೇಟು ತೆರೆದೇ ಇರುತ್ತದೆ. ಯಾಕೆ ಮೊದಲೇ ಹೊಳೆಯಲಿಲ್ಲ?

24 ಅಕ್ಟೋಬರ್, ಸೋಮವಾರ — ಬೆಳಿಗ್ಗೆ

ಬೋಣಿ ಒತ್ತಿದೆ. ಒಗೆದ ಅಂಗಿ ಹಾಕಿಕೊಂಡಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿದೆ. ಎದ್ದೆ, ಅಷ್ಟರಲ್ಲಿ ಸಾವ್ಕಾರರು ಬಂದರು. ಇಷ್ಟು ಮುಂಚೆ ಎಂದೂ ಬಂದವರಲ್ಲ. ಹೆಗಲ ಮೇಲೆ ಕೈ ಹಾಕಿ ಸ್ಟೋರ್ ರೂಮಿಗೆ ಕರೆದೊಯ್ದರು. ಬಿಳೀ ಗೋಡೆ, ಕಿಟಕಿಗೆ ಹೂವಿನ ಪರದೆ, ಮಂಚದ ಪಕ್ಕ ಇನ್ನೊಂದು ಪುಟ್ಟ ಮಂಚ.

"ಹೆಂಡ್ರು ಮಕ್ಕಳು ಅಲ್ಲಿ ಅದಾರಂತ ತಾನ ನಿನ್ನ ಮನಸು ಅತ್ಲಾಗ ಎಳಿತೈತಿ? ನಾ ಸುಮ್ನ ಕುಂದ್ರತೀನೇನು? ಧೂಳು ಒಳಗ ಬರ್ಬಾರ್ದಂತ ಕೂಲರ್ ಹಾಕಿಸೀನಿ. ಹಂಪೇಶ ಕರಿಸ್ಯಾನ ಅಂತ ಹೇಳಿ ಜೀಪು ಕಳ್ಸೀನಿ ಕಮಲಾಪುರಕ್ಕ."

ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ ಸಾವ್ಕಾರ್ರ ಎಂದೆ. ಎಂದೆನೋ, ಅಂದುಕೊಂಡೆನೋ. ಅವರು ಖುಷಿಯಲ್ಲಿದ್ದರು.

ಮಾವನ ಮನೆಗೆ ಫೋನು ಮಾಡಿದೆ. ಅತ್ತೆ ಎತ್ತಿದರು. "ಅವಾಗ್ಲೇ ಹೊಂಟ್ರಪಾ. ನೀನ ಕರಿಸಿದಿ ಅಂದ್ರಲ್ಲ? ಶಾಂಭವಿ ಬ್ಯಾಡ ಬ್ಯಾಡ ಅಂದ್ಲು. ಅಪ್ಪನ ಮನಿಗೆ ಹೋಗೂದಂತ ಕೂಸು ಕುಣಿದಾಡಿತು..."

ಬಸ್ಸು ಹೋಯಿತು. ನೋಡುತ್ತ ನಿಂತೆ.

ವೇಬ್ರಿಡ್ಜ್ ಮೇಲೆ ಲಾರಿ ನಿಂತಿದೆ, ಅಂಕಿ ಇನ್ನೂ ನಿಲ್ಲುತ್ತಿಲ್ಲ. ಹಿಂದೆ ಸಾಲು. ಸಾಲಿನ ಕೊನೆಯಲ್ಲಿ ಜೀಪು, ಗೇಟಿನ ಹೊರಗೆ ಸಿಕ್ಕಿಹಾಕಿಕೊಂಡಿದೆ. ಖಾಲಿ ಲಾರಿಗಳು ಅದರ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ನುಗ್ಗುತ್ತಿವೆ. ಒಂದು ಹೋದರೆ ಇನ್ನೊಂದು. ಜೀಪು ಕಾಣುತ್ತದೆ, ಮಾಯವಾಗುತ್ತದೆ. ಮತ್ತೆ ಕಂಡಿತು. ಕಿಟಕಿಯಲ್ಲಿ ನೀಲು. ನನ್ನನ್ನು ನೋಡಿದಳು. ಕೈ ಬೀಸುತ್ತಿದ್ದಾಳೆ, ಬಾಯಿ ತೆರೆದು ಕೂಗುತ್ತಿದ್ದಾಳೆ, ಗಾಜು ಪೂರ್ತಿ ಇಳಿಸಿದೆ. ಶಾಂಭವಿ, ಗಾಜು ಏರಿಸೇ. ಯಾರಾದರೂ ಆ ಗಾಜು —